ಇಕ್ಕಳ ಕಿಸೆಯಲ್ಲೇ ಇರಲಿ

"ನನ್ನ ಮಗನಿಗೆ ಏನಾದ್ರೂ ಆದ್ರೆ ನೀನೇ ಕೊಂದೆ ಅಂತ ಬೀದಿಗೆಲ್ಲ ಸಾರ್ತೀನಿ, ತಿಳ್ಕೋ!"

"ಅತ್ತೆ, ಮೆಲ್ಲಗೆ ಮಾತಾಡಿ. ಇದು ಆಸ್ಪತ್ರೆ."

"ಆಸ್ಪತ್ರೆ ಆದ್ರೇನು, ಸತ್ಯ ಹೇಳೋಕೆ ಇಲ್ಲಿ ಚೀಟಿ ಮಾಡಿಸ್ಬೇಕಾ? ತೊಡೆಯೊಳಗೆ ಅಷ್ಟುದ್ದ ಗಾಜು, ಹಾಗೇ ಬಿಟ್ಕೊಂಡು ಬಂದ್ಯಲ್ಲೇ! ಕೀಳೋಕೆ ಹೋದ ಭಾವನ ಕೈ ಮೇಲೆ ಹೊಡೆದ್ಯಲ್ಲೇ! ದೊಡ್ಡವರು ಚಿಕ್ಕವರು ಅನ್ನೋದು ಬೇಡ್ವಾ?"

"ಕೀಳಬಾರದಿತ್ತು ಅತ್ತೆ."

"ನೀರು? 'ಅಮ್ಮಾ, ಒಂದು ಗುಟುಕು ನೀರು' ಅಂತ ಬಾಯಿ ಬಿಟ್ಟ ನನ್ನ ಕಂದ. ಲೋಟ ನನ್ನ ಕೈಯಲ್ಲಿತ್ತು. ಕಿತ್ಕೊಂಡು ಚೆಲ್ಲಿಬಿಟ್ಟೆ. ಹಗೆಗೂ ಯಾರೂ ಹಾಗೆ ಮಾಡಲ್ಲ."

"ಆಪರೇಷನ್ ಆಗ್ಬಹುದು ಅಂತ ಅನ್ನಿಸ್ತು. ನೀರೂ ಕೊಡಬಾರದು."

"ಯಾರು ಹೇಳಿದ್ದು ನಿಂಗೆ? ಆಲೂಗಡ್ಡೆ ಹೇಳ್ತಾ?"

ಆಲೂಗಡ್ಡೆಯ ಮಾತು ಆಮೇಲೆ ಹೇಳುತ್ತೇನೆ. ಮೊದಲು ನಡೆದದ್ದು ಕೇಳಿ.

ಇವರದು ಗಾಜಿನ ಅಂಗಡಿ. ಕಿಟಕಿಗೆ ಗಾಜು ಕೊಯ್ದು ಕೊಡುವುದು, ಫೋಟೋಗೆ ಕಟ್ಟು ಹಾಕುವುದು, ಕನ್ನಡಿ ಕೂರಿಸುವುದು. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಾರೆ. ತಮ್ಮ ಗಾಜು ಕೊಯ್ಯುತ್ತಾನೆ. ಅಣ್ಣ ಅದನ್ನು ತನ್ನ ಸಣ್ಣ ಗಾಡಿಯಲ್ಲಿ ಹೊತ್ತೊಯ್ದು ಕೂರಿಸಿ ಬರುತ್ತಾನೆ. ಈ ಅಣ್ಣನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಇಕ್ಕಳ. ಬೀದಿಯಲ್ಲಿ ಯಾರ ಕೈಗೆ ಸಿಬಿರು ಹೊಕ್ಕರೂ, ಯಾವ ಮಗುವಿನ ಕಾಲಿಗೆ ಮುಳ್ಳು ಚುಚ್ಚಿದರೂ ಇವನ ಹತ್ತಿರ ಓಡಿಬರುತ್ತಾರೆ. "ಆ ಕಡೆ ನೋಡು, ಕಾಗೆ!" ಅನ್ನುತ್ತಾನೆ. ಅವರು ಆ ಕಡೆ ನೋಡುವಷ್ಟರಲ್ಲಿ ಮುಳ್ಳು ಇಕ್ಕಳದ ತುದಿಯಲ್ಲಿರುತ್ತದೆ. ಅದಕ್ಕೇ ಅವನಿಗೆ ಇಕ್ಕಳದಣ್ಣ ಅಂತ ಹೆಸರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿರಬೇಕು.

ಅವರ ಅಪ್ಪನೂ ಗಾಜಿನವನೇ. ಸಾಯುವಾಗ ಅಂಗಡಿಯ ಜೊತೆಗೆ ಒಂದು ಮಾತನ್ನೂ ಬಿಟ್ಟುಹೋದ: "ಗಾಜು ಹೊಕ್ಕರೆ ಗಳಿಗೆಯೂ ಬಿಡಬೇಡಿ, ಕಿತ್ತುಬಿಡಿ. ಒಳಗುಳಿದ ಗಾಜು ರಕ್ತದಲ್ಲಿ ಹರಿದು ಎದೆಗೆ ಹೋಗುತ್ತೆ." ಆ ಮನೆಯಲ್ಲಿ ಈ ಮಾತಿಗೆ ಎದುರಾಡಿದವರೇ ಇಲ್ಲ.

ಆ ದಿನ ಮಧ್ಯಾಹ್ನ ಕ್ಷೌರದಂಗಡಿಗೆ ಹೋಗಬೇಕಿದ್ದ ದೊಡ್ಡ ಕನ್ನಡಿಯನ್ನು ಅಣ್ಣ ತಮ್ಮ ಇಬ್ಬರೂ ಹಿಡಿದು ಎತ್ತಿದರು. ಅದರ ಮೂಲೆಯಲ್ಲಿ ಕೂದಲಿನಷ್ಟು ತೆಳುವಾದ ಬಿರುಕಿತ್ತು. ಇಬ್ಬರೂ ನೋಡಲಿಲ್ಲ. ಬಾಗಿಲು ದಾಟುವಾಗ ಕನ್ನಡಿ ನಡುವೆಯೇ ಮುರಿಯಿತು. ತಮ್ಮ ಜಾರಿ ಬಿದ್ದ. ಅಂಗೈ ಅಗಲದ ಒಂದು ಚೂರು ಅವನ ಬಲತೊಡೆಯ ಒಳಬದಿಗೆ ಹೊಕ್ಕು, ಅರ್ಧ ಒಳಗೆ ಅರ್ಧ ಹೊರಗೆ ನಿಂತಿತು.

ಅಣ್ಣನ ಕೈ ಕಿಸೆಗೆ ಹೋಯಿತು. ಇಕ್ಕಳ ಹೊರಬಂತು.

ಆಗ ಒಳಮನೆಯಿಂದ ಓಡಿಬಂದಳು ತಮ್ಮನ ಹೆಂಡತಿ. "ಭಾವ, ಕೀಳಬೇಡಿ!" ಅಂದಳು. ಅವನು ಕೇಳಲಿಲ್ಲ. ಇಕ್ಕಳ ಗಾಜಿಗೆ ತಾಗಿತ್ತು. ಅವಳು ಅವನ ಕೈ ಮೇಲೆ ಬಾರಿಸಿದಳು. ಇಕ್ಕಳ ಹಾರಿ ಮೂಲೆಗೆ ಬಿತ್ತು. ಆ ಮನೆಗೆ ಕಾಲಿಟ್ಟ ಮೇಲೆ ಭಾವನ ಎದುರು ದನಿ ಎತ್ತದವಳು ಅವಳು.

ಗಂಡನನ್ನು ಅಲ್ಲೇ ಅಂಗಾತ ಮಲಗಿಸಿದಳು. ಒಗೆದು ಒಣಹಾಕಿದ್ದ ಎರಡು ಟವೆಲ್ ತಂದು ಸುರುಳಿ ಸುತ್ತಿ, ಗಾಜಿನ ಆ ಬದಿಗೊಂದು ಈ ಬದಿಗೊಂದು ಇಟ್ಟು ಒತ್ತಿ ಹಿಡಿದಳು. ಗಾಜನ್ನು ಮಾತ್ರ ಮುಟ್ಟಲಿಲ್ಲ. "ಭಾವ, ಆಂಬುಲೆನ್ಸಿಗೆ ಫೋನ್ ಮಾಡಿ, ನಿಂತು ನೋಡಬೇಡಿ!" ಎಂದು ಕಿರುಚಿದಳು. ತನ್ನ ಸೀರೆಯ ಅಂಚನ್ನೇ ಹರಿದು, ಸುರುಳಿಗಳು ಅಲುಗದ ಹಾಗೆ ಕಟ್ಟಿದಳು. ಅತ್ತೆ ನೀರು ತಂದರು. ಅದನ್ನೂ ಚೆಲ್ಲಿದಳು.

ಈಗ ಅವನು ಆಪರೇಷನ್ ಕೋಣೆಯೊಳಗೆ. ಬಾಗಿಲ ಮೇಲೆ ಕೆಂಪು ದೀಪ. ಹೊರಗೆ ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳ ಎರಡು ಸಾಲು. ಒಂದು ಸಾಲಿನಲ್ಲಿ ಅತ್ತೆ ಮತ್ತು ಹಿರಿಮಗ. ಎದುರು ಸಾಲಿನಲ್ಲಿ ಸೊಸೆ ಒಬ್ಬಳೇ. ಗಂಡನ ಮೇಲೆ ಬಗ್ಗಿದಾಗ ಅವನ ಅಂಗಿಯಿಂದ ಅಂಟಿದ ಕನ್ನಡಿಯ ಪುಡಿ ಅವಳ ಕೂದಲಲ್ಲಿ ಇನ್ನೂ ಮಿನುಗುತ್ತಿತ್ತು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಗಂಡನ ಚಪ್ಪಲಿ, ಬೆಲ್ಟು, ಕತ್ತರಿಸಿ ತೆಗೆದ ಪ್ಯಾಂಟು.

ಈಗ ಆಲೂಗಡ್ಡೆ. ಈ ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಒಂದು ದಿನ ಅಲ್ಲಿ ಪ್ರಥಮ ಚಿಕಿತ್ಸೆಯ ಪಾಠ ಇಟ್ಟಿದ್ದರು. ಪಾಠ ಹೇಳಲು ಬಂದಾಕೆ ಒಂದು ಆಲೂಗಡ್ಡೆಗೆ ಪೆನ್ಸಿಲ್ ಚುಚ್ಚಿ, "ಇದು ರೋಗಿ. ಚುಚ್ಚಿದ್ದನ್ನ ಕೀಳಬಾರದು, ನೀರೂ ಕೊಡಬಾರದು" ಎಂದಳು. ಹೊಲಿಗೆಯವರೆಲ್ಲ ಬಿದ್ದು ಬಿದ್ದು ನಕ್ಕರು. "ಪಲ್ಯ ಮಾಡೋಕೆ ಮುಂಚೆ ಬದುಕಿಸಿ ಮೇಡಂ" ಎಂದಳು ಒಬ್ಬಳು. ಮುಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋದರು. ಇವಳು ನಕ್ಕಳು, ಆದರೆ ಕೇಳಿಸಿಕೊಂಡಳು. ಮನೆಗೆ ಬಂದು ಅತ್ತೆಗೂ ಹೇಳಿದ್ದಳು. ಅಂದಿನಿಂದ ಅತ್ತೆಗೆ ಅದು ಹಾಸ್ಯದ ವಸ್ತು. ಸೊಸೆ ಏನಾದರೂ ಹೇಳಿದರೆ ಸಾಕು, "ಆಲೂಗಡ್ಡೆ ಪಾಠ ಶುರುವಾಯ್ತು" ಅನ್ನುತ್ತಿದ್ದರು.

ಈಗ ಆ ಕುರ್ಚಿಯಲ್ಲಿ ಕೂತು ಸೊಸೆಗೇ ಭಯ ಹಿಡಿಯಿತು. ಆಲೂಗಡ್ಡೆಗೆ ರಕ್ತ ಇಲ್ಲ. ಆಲೂಗಡ್ಡೆ ನೀರು ಕೇಳುವುದಿಲ್ಲ. ಒಂದು ತರಕಾರಿಯನ್ನು ನಂಬಿ ಗಂಡನನ್ನು ಕಳೆದುಕೊಂಡರೆ? ಅತ್ತೆ ಬೀದಿಗೆ ಸಾರುವುದು ಹಾಗಿರಲಿ, ತನ್ನ ಮುಖವನ್ನು ತಾನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಹೇಗೆ? ಕನ್ನಡಿಯ ಮನೆಯಲ್ಲೇ ಬಾಳಬೇಕು ಬೇರೆ.

ಸ್ವಲ್ಪ ಹೊತ್ತಿಗೆ ಇಕ್ಕಳದಣ್ಣ ಎದ್ದು ಬಂದು ಅವಳಿಂದ ಒಂದು ಕುರ್ಚಿ ಬಿಟ್ಟು ಕೂತ.

"ಒಂದು ಮಾತು ಕೇಳ್ತೀನಮ್ಮ. ನಿಜ ಹೇಳು. ನಿಂಗೆ ಗೊತ್ತಿದ್ದು ನನ್ನ ಕೈಗೆ ಹೊಡೆದ್ಯಾ, ಇಲ್ಲ ಹೆದರಿ ಹೊಡೆದ್ಯಾ?"

"ಎರಡೂ ಭಾವ."

"ಅಪ್ಪ ಹೇಳಿದ್ದು ಹಾಗಾದ್ರೆ ಸುಳ್ಳಾ? ಇಷ್ಟು ವರ್ಷ ನಾನು ಕಿತ್ತಿದ್ದೆಲ್ಲ ತಪ್ಪಾ?"

"ಅದು ನಂಗೊತ್ತಿಲ್ಲ. ಇದನ್ನ ಕೀಳಬಾರದು ಅಂತ ಮಾತ್ರ ಗೊತ್ತಿತ್ತು."

"ಒಳಗಿರೋನು ನನ್ನ ತಮ್ಮ ಕಣಮ್ಮ. ನಡೆಯೋಕೆ ಕಲಿಸಿದ್ದೇ ನಾನು."

"ನಂಗೂ ಅವರು ಬೇಕು ಭಾವ." ಅವಳು ಮಡಿಲ ಚೀಲವನ್ನು ಅವುಚಿಕೊಂಡಳು. "ಹೊಡೆದಿದ್ದಕ್ಕೆ ಕ್ಷಮಿಸಿ. ಆದ್ರೆ ಮತ್ತೆ ಕೀಳೋಕೆ ಬಂದ್ರೆ ಮತ್ತೆ ಹೊಡೀತೀನಿ."

ಎದುರು ಸಾಲಿನಿಂದ ಅತ್ತೆ, "ಕೇಳಿದ್ಯಾ, ಕೇಳಿದ್ಯಾ ಇವಳ ಬಾಯಿ!" ಎಂದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹಸಿರು ಟೋಪಿಯ ಸಿಸ್ಟರ್ ಒಬ್ಬಳು ಹೊರಗೆ ಬಂದಳು. ದಪ್ಪ ಕನ್ನಡಕ, ಗಡಸು ದನಿ.

"ಗಾಜು ಚುಚ್ಚಿದವರ ಕಡೆಯವರು ಯಾರು? ಆ ಟವೆಲ್ ಸುತ್ತಿ ಕಟ್ಟಿದ್ದು ಯಾರು?"

ಅತ್ತೆ ದಡಕ್ಕನೆ ಎದ್ದರು. ಇಂಥ ಗಳಿಗೆಗಾಗಿಯೇ ಕಾದಿದ್ದವರ ಹಾಗೆ ಸೊಸೆಯತ್ತ ಬೆರಳು ಚಾಚಿದರು. "ಇವಳೇ ಸಿಸ್ಟರ್! ನಾವೆಲ್ಲ ಬೇಡ ಅಂದ್ವಿ. ಗಾಜು ಕೀಳೋಕೂ ಬಿಡಲಿಲ್ಲ, ನೀರು ಕೊಡೋಕೂ ಬಿಡಲಿಲ್ಲ. ಸರಿಯಾಗಿ ಬೈಯಿರಿ ಇವಳಿಗೆ!"

ಸಿಸ್ಟರ್ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬೈಯೋದಾ? ಅಜ್ಜಿ, ಆ ಗಾಜು ಕಿತ್ತಿದ್ರೆ ನಿಮ್ಮ ಮಗ ಈ ಬಾಗಿಲವರೆಗೂ ಬರ್ತಿರಲಿಲ್ಲ."

ಅತ್ತೆಯ ಬೆರಳು ಚಾಚಿದಲ್ಲೇ ಇತ್ತು.

"ತೊಡೆಯೊಳಗೆ ದೊಡ್ಡ ರಕ್ತನಾಳ ಇದೆ. ಗಾಜು ಅದನ್ನ ಕೊಯ್ದಿದೆ. ಕೊಯ್ದ ಗಾಜೇ ಆ ತೂತಿಗೆ ಬಿರಡೆ ಹಾಕಿದ ಹಾಗೆ ಅಡ್ಡ ನಿಂತಿದೆ. ಹೊರಗೆ ಎಳೆದಿದ್ರೆ ನಲ್ಲಿ ಬಿಟ್ಟ ಹಾಗೆ ರಕ್ತ ಹೋಗೋದು. ಆಂಬುಲೆನ್ಸ್ ಬರೋವರೆಗೂ ಅವರು ಇರ್ತಿರಲಿಲ್ಲ. ಈಗ ಒಳಗೆ ಡಾಕ್ಟರ್ ನಾಳವನ್ನ ಮೇಲೆ ಕೆಳಗೆ ಹಿಡ್ಕೊಂಡು, ಆಮೇಲೆ ಗಾಜು ತೆಗೀತಿದ್ದಾರೆ. ಕಿತ್ತರೆ ಹಾಗೆ ಕೀಳಬೇಕು."

ಇಕ್ಕಳದಣ್ಣ ಮುಂದೆ ಬಂದ. ಅವನ ಅನುಮಾನ ಇನ್ನೂ ಹೋಗಿರಲಿಲ್ಲ.

"ಅದೆಲ್ಲ ಸರಿ ಸಿಸ್ಟರ್. ನಾವು ಗಾಜಿನವರು. ಒಳಗುಳಿದ ಗಾಜು ಹರಿದು ಎದೆಗೆ ಹೋಗಲ್ವಾ?"

"ಎದೆಗೆ ಹೋಗೋಕೆ ಅಂಗೈಯಗಲದ ಗಾಜಿಗೇನು ಕಾಲಿದೆಯಾ? ನೀವೇನು ಕೆಲಸ ಮಾಡ್ತೀರಿ?"

"ಗಾಡಿ ಓಡಿಸ್ತೀನಿ. ಗಾಜು ಸಾಗಿಸ್ತೀನಿ."

"ದಾರಿಯಲ್ಲಿ ಟೈರಿಗೆ ಮೊಳೆ ಹೊಕ್ಕಿದೆ. ಗಾಳಿ ಇನ್ನೂ ನಿಂತಿದೆ. ಏನ್ ಮಾಡ್ತೀರಿ? ಅಲ್ಲೇ ಮೊಳೆ ಕಿತ್ತುಬಿಡ್ತೀರಾ?"

"ಯಾವ ದಡ್ಡ ಕೀಳ್ತಾನೆ?" ಇಕ್ಕಳದಣ್ಣನಿಗೆ ರೇಗಿತು. ಅವನ ಗಾಡಿಯ ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು. "ಕಿತ್ತರೆ ಗಾಳಿಯೆಲ್ಲ ಹೋಗಿ ನಡುರಸ್ತೆಯಲ್ಲಿ ಕೂರಬೇಕಾಗುತ್ತೆ. ಮೊಳೆ ಇದ್ದ ಹಾಗೇ ಮೆಲ್ಲಗೆ ಪಂಕ್ಚರ್ ಅಂಗಡಿವರೆಗೆ ಹೋಗಿ, ಅಲ್ಲಿ ಅವನು..."

ಅವನು ತನ್ನ ಬಲಗೈಯನ್ನು ನೋಡಿಕೊಂಡ. ತಮ್ಮನ ಹೆಂಡತಿ ಹೊಡೆದ ಕೈ. "ಇಕ್ಕಳ ಗಾಜಿಗೆ ತಾಗಿತ್ತು," ಎಂದ ಮೆಲ್ಲಗೆ. "ತಾಗಿಬಿಟ್ಟಿತ್ತು. ಎಳೆಯೋದೊಂದೇ ಬಾಕಿ."

"ಮುಳ್ಳು, ಸಿಬಿರು ಕೀಳಿ, ಯಾರು ಬೇಡ ಅಂದ್ರು? ಕಿತ್ತು ಸೋಪು ನೀರಲ್ಲಿ ತೊಳೀರಿ," ಎಂದಳು ಸಿಸ್ಟರ್. "ಆಳಕ್ಕೆ ಹೊಕ್ಕಿದ್ದಕ್ಕೆ ಮಾತ್ರ ಕೈ ಹಾಕಬೇಡಿ."

"ಮತ್ತೆ ನೀರು?" ಅತ್ತೆಯ ದನಿಯಲ್ಲಿ ಈಗ ಅರ್ಧದಷ್ಟೂ ಜೋರಿರಲಿಲ್ಲ. "ಒಂದು ಗುಟುಕು ನೀರಲ್ಲಿ ಏನಿದೆ ಸಿಸ್ಟರ್?"

"ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಅಜ್ಜಿ. ಗಾಯದಿಂದ ಉಳಿದವರು ಅದರಿಂದ ಹೋಗಬಹುದು. ಬಾಯಾರಿದ್ರೆ ತುಟಿ ಒದ್ದೆ ಮಾಡಿ, ಅಷ್ಟೇ. ಈಗ ಮಾತು ಸಾಕು. ರಕ್ತ ಬೇಕು. ನಾವು ನಮ್ಮಲ್ಲಿರೋದು ಕೊಡ್ತಿದ್ದೀವಿ, ನೀವು ಬದಲಿಗೆ ಯಾರಾದ್ರೂ ಕೊಟ್ರೆ ಇನ್ನೊಬ್ಬರಿಗೆ ಆಗುತ್ತೆ."

"ನನ್ನದು ತಗೊಳ್ಳಿ," ಎಂದು ಇಕ್ಕಳದಣ್ಣ ಅಂಗಿಯ ತೋಳು ಮಡಚಿದ.

"ಸೂಜಿ ಚುಚ್ಚಿದ ಮೇಲೆ ಕೈ ಅಲುಗಾಡಿಸಬಾರದು. ಇರೋಕಾಗುತ್ತಾ?"

"ಆಗುತ್ತೆ ಸಿಸ್ಟರ್. ಇವತ್ತು ಕಲಿತಿದ್ದೀನಿ."

ಅವನು ಹೋದ ಮೇಲೆ ಎರಡು ಸಾಲು ಕುರ್ಚಿಗಳಲ್ಲಿ ಇಬ್ಬರು ಹೆಂಗಸರು ಉಳಿದರು. ಅತ್ತೆ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಬಿಗುಮಾನ ಅನ್ನುವುದು ಅಷ್ಟು ಸುಲಭಕ್ಕೆ ಇಳಿಯುವ ಜ್ವರವಲ್ಲ. ಬಹಳ ಹೊತ್ತಾದ ಮೇಲೆ ಎದ್ದರು. ಸೊಸೆಯ ಪಕ್ಕದ ಕುರ್ಚಿಗೆ ಬಂದರು. ಅವಳ ತಲೆಯನ್ನು ತನ್ನತ್ತ ಬಗ್ಗಿಸಿಕೊಂಡು, ಕೂದಲಲ್ಲಿ ಸಿಕ್ಕಿದ್ದ ಕನ್ನಡಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು.

"ಇದನ್ನ ಕೀಳಬಹುದೇನೇ?" ಎಂದರು ಸ್ವಲ್ಪ ಹೊತ್ತಿಗೆ.

ಸೊಸೆಗೆ ನಗುವೂ ಬಂತು, ಅಳುವೂ ಬಂತು. ಅವಳು ಎರಡನ್ನೂ ತಡೆಯಲಿಲ್ಲ.

ಸಂಜೆಯಾಗುವಾಗ ಕೆಂಪು ದೀಪ ಆರಿತು. ಡಾಕ್ಟರ್ ಹೊರಗೆ ಬಂದರು. ನಾಳ ಹೊಲಿದಿದ್ದೇವೆ, ಜೀವ ಉಳಿದಿದೆ ಎಂದರು. ಆದರೆ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತದೆಯೇ ಎಂದು ಬೆಳಗಿನವರೆಗೆ ಕಾದು ನೋಡಬೇಕು ಎಂದರು. "ಪಾದ ಬೆಚ್ಚಗಿದ್ದರೆ ಗೆದ್ದ ಹಾಗೆ. ತಣ್ಣಗಾದರೆ ಮತ್ತೆ ಒಳಗೆ ಕರೆದುಕೊಂಡು ಹೋಗಬೇಕಾಗುತ್ತೆ."

ಮೂವರೂ ಈಗ ಒಂದೇ ಸಾಲಿನಲ್ಲಿ ಕೂತು ಬೆಳಗು ಮಾಡಿದರು.

ಬೆಳಿಗ್ಗೆ ಅದೇ ಸಿಸ್ಟರ್ ಬಾಗಿಲು ತೆರೆದು, "ಒಬ್ಬರು ಮಾತ್ರ ಒಳಗೆ ಬನ್ನಿ" ಎಂದಳು. ಹಿಂದಿನ ದಿನವಾಗಿದ್ದರೆ ಅತ್ತೆ ಎಲ್ಲರನ್ನೂ ತಳ್ಳಿಕೊಂಡು ಹೋಗುತ್ತಿದ್ದರು. ಈಗ ಎರಡು ಹೆಜ್ಜೆ ಇಟ್ಟವರು ನಿಂತರು. ಹಿಂತಿರುಗಿ ಸೊಸೆಯ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದರು.

"ಹೋಗು. ನೀನು ಬಿಟ್ಟುಕೊಡದೆ ಹಿಡಿದಿದ್ದು. ನೀನೇ ನೋಡ್ಕೊಂಡು ಬಾ."

ಸೊಸೆ ಕೈ ತೊಳೆದು ಒಳಗೆ ಹೋದಳು. ಗಂಡ ಕಣ್ಣು ಮುಚ್ಚಿ ಮಲಗಿದ್ದ. ಸಿಸ್ಟರ್ ಹೊದಿಕೆಯ ತುದಿ ಸರಿಸಿ, "ಮುಟ್ಟಿ ನೋಡಿ" ಎಂದಳು. ಅವಳು ಬಲಗಾಲಿನ ಹೆಬ್ಬೆರಳಿಗೆ ಬೆರಳು ತಾಗಿಸಿದಳು. ಬೆಚ್ಚಗಿತ್ತು. ಇನ್ನೊಮ್ಮೆ ಮುಟ್ಟಿದಳು. ಬೆಚ್ಚಗೇ ಇತ್ತು.

"ಕಚಗುಳಿ ಇಡಬೇಡ ಮಾರಾಯ್ತಿ," ಎಂದ ಗಂಡ, ಕಣ್ಣು ತೆರೆಯದೆ. "ನಿನ್ನೆ ನೀರೂ ಕೊಡಲಿಲ್ಲ. ಇವತ್ತು ಮಲಗೋಕೂ ಬಿಡಲ್ವಾ?"

ಅವಳು ಹೊರಗೆ ಬಂದಳು. ಅವಳ ಮುಖ ನೋಡಿದ ಕೂಡಲೇ ಅತ್ತೆಗೆ ತಿಳಿಯಿತು. ಆದರೂ ಕೇಳಿದರು. "ಬೆಚ್ಚಗಿದೆಯೇನೇ?"

"ಬೆಚ್ಚಗಿದೆ ಅತ್ತೆ."

ಇಕ್ಕಳದಣ್ಣ ಗೋಡೆಯ ಕಡೆ ತಿರುಗಿ ನಿಂತು, ಆ ಗೋಡೆಯಲ್ಲಿ ಏನೋ ನೋಡುವಂಥದ್ದಿದೆ ಅನ್ನುವ ಹಾಗೆ ಬಹಳ ಹೊತ್ತು ನೋಡಿದ.

ಆಮೇಲಿನ ದಿನಗಳಲ್ಲಿ ಆ ವಾರ್ಡಿನಲ್ಲಿ ಅತ್ತೆಯದೇ ಕಾರುಬಾರು. ಒಂದು ದಿನ ಪಕ್ಕದ ಹಾಸಿಗೆಯವನನ್ನು ಆಪರೇಷನ್ನಿಗೆ ಕರೆದೊಯ್ಯುವುದರಲ್ಲಿದ್ದರು. ಅವನ ಅಕ್ಕ ಸೆರಗಿನ ಮರೆಯಲ್ಲಿ ಒಂದು ಲೋಟ ಹಾಲು ತಂದಳು. ಅತ್ತೆ ನೋಡಿಬಿಟ್ಟರು.

"ಏನಮ್ಮಾ, ತಮ್ಮ ಬೇಕಾ ಬೇಡ್ವಾ ನಿಂಗೆ? ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಹಾಕಬಾರದು!"

"ಒಂದು ಗುಟುಕು ಅಷ್ಟೇ ಅಜ್ಜಿ. ಪಾಪ, ಹಸಿದಿದ್ದಾನೆ. ನಿಮಗೆ ಯಾರು ಹೇಳಿದ್ದು ಇದೆಲ್ಲ?"

ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಯಾರು ಹೇಳಿದ್ದಾ? ಆಲೂಗಡ್ಡೆ ಹೇಳಿದ್ದು!"

ಅಂಗಡಿಯಲ್ಲೂ ಒಂದು ಬದಲಾವಣೆ ಆಯಿತು. ಬಾಗಿಲ ಪಕ್ಕದ ಮೊಳೆಗೆ ಒಂದು ಚೀಲ ಬಂತು. ಅದರಲ್ಲಿ ಒಗೆದು ಮಡಚಿದ ಎರಡು ಟವೆಲ್, ಅಗಲವಾದ ಒಂದು ಬಟ್ಟೆಪಟ್ಟಿ. ಅದಕ್ಕೆ ಬೇರೆ ಕೆಲಸವಿಲ್ಲ. ಗಾಜು ಒರೆಸಲು ಅದರಿಂದ ಟವೆಲ್ ತೆಗೆದರೆ ಇಕ್ಕಳದಣ್ಣ ಕೂಗಾಡುತ್ತಾನೆ. ಆಂಬುಲೆನ್ಸಿನ ನಂಬರನ್ನು ಬಾಗಿಲ ಗಾಜಿನ ಮೇಲೆ, ಬೀದಿಯಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಅವನೇ ಬರೆದಿದ್ದಾನೆ. ಇಕ್ಕಳ ಈಗಲೂ ಅವನ ಕಿಸೆಯಲ್ಲಿದೆ. ಮುಳ್ಳು, ಸಿಬಿರು ಈಗಲೂ ಕೀಳುತ್ತಾನೆ. ಕಾಗೆ ತೋರಿಸುವುದನ್ನೂ ಬಿಟ್ಟಿಲ್ಲ. ಆದರೆ ಮೊದಲು ಬಗ್ಗಿ ಚೆನ್ನಾಗಿ ನೋಡುತ್ತಾನೆ. ಸ್ವಲ್ಪ ಆಳ ಅನ್ನಿಸಿದರೂ ಇಕ್ಕಳ ಒಳಗೆ ಹಾಕಿ, "ಇದು ಪಂಕ್ಚರ್ ಅಂಗಡಿ ಕೆಲಸ, ನಡಿ ಆಸ್ಪತ್ರೆಗೆ" ಅನ್ನುತ್ತಾನೆ.

ಓದಿದಿರಲ್ಲ, ಈಗ ನಿಮಗೆ ನೇರವಾಗಿ ಹೇಳುತ್ತೇನೆ. ಪ್ರೀತಿ ಇದ್ದ ಮಾತ್ರಕ್ಕೆ ಕೈಗೆ ಬುದ್ಧಿ ಬರುವುದಿಲ್ಲ. ಆ ಅಣ್ಣನಿಗೆ ತಮ್ಮನ ಮೇಲೆ ಪ್ರೀತಿ ಕಮ್ಮಿ ಇತ್ತೇ? ಆ ತಾಯಿಗೆ ಕಮ್ಮಿ ಇತ್ತೇ? ಅವರಿಬ್ಬರ ಪ್ರೀತಿಯೂ ಅವನನ್ನು ಕೊಂದೇಬಿಡುತ್ತಿತ್ತು. ಗಾಜಾಗಲಿ, ಕಬ್ಬಿಣದ ಸರಳಾಗಲಿ, ಚಾಕುವಾಗಲಿ, ಮರದ ಚಕ್ಕೆಯಾಗಲಿ, ಮೈಯೊಳಗೆ ಆಳಕ್ಕೆ ಹೊಕ್ಕು ನಿಂತಿದ್ದರೆ ಕೀಳಬೇಡಿ. ಅಲುಗಿಸಲೂ ಬೇಡಿ. ಅದರ ಎರಡೂ ಬದಿಗೆ ಶುದ್ಧ ಬಟ್ಟೆಯ ಸುರುಳಿ ಇಟ್ಟು ಒತ್ತಿ ಹಿಡಿಯಿರಿ, ಅಲುಗದ ಹಾಗೆ ಕಟ್ಟಿ. ಏನೂ ಚುಚ್ಚಿಕೊಂಡಿಲ್ಲ, ಬರೀ ರಕ್ತ ಹರಿಯುತ್ತಿದೆ ಎಂದಾದರೆ ಗಾಯದ ಮೇಲೆಯೇ ಬಟ್ಟೆಯಿಟ್ಟು ಬಲವಾಗಿ ಒತ್ತಿ. ಪದೇ ಪದೇ ಎತ್ತಿ ನೋಡಬೇಡಿ. ಮಲಗಿಸಿ. ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ, ಎಷ್ಟು ಬೇಡಿದರೂ ಸರಿ. ಸುತ್ತ ನಿಂತು ಅಯ್ಯೋ ಅನ್ನುವ ಬದಲು ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಿ. ನಿಮ್ಮ ಕಾರ್ಖಾನೆಯಲ್ಲೋ ಶಾಲೆಯಲ್ಲೋ ಸಂಘದಲ್ಲೋ ಪ್ರಥಮ ಚಿಕಿತ್ಸೆಯ ಪಾಠ ಇಟ್ಟರೆ ಹೋಗಿ. ಬೇಕಾದರೆ ನಗಿ, ಆದರೆ ನಿದ್ದೆ ಮಾಡಬೇಡಿ. ಮನೆಗೆ ಬಂದು ಹೇಳಿ. ಮನೆಯವರು ನಕ್ಕರೂ ಹೇಳಿ.

ಇಷ್ಟು ಮಾಡಿದರೆ ನಿಮ್ಮವರೂ ಒಂದು ದಿನ ಹೀಗೆ ಮನೆಗೆ ಮರಳಬಹುದು. ಗಾಜಿನ ಅಂಗಡಿಯ ತಮ್ಮನನ್ನು ಮನೆಗೆ ಕಳಿಸುವ ದಿನ, ಅವನು ಊರುಗೋಲು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ, "ಹೋಗಿ ಬರ್ತೀನಿ ಸಿಸ್ಟರ್" ಎಂದ.

ಸಿಸ್ಟರ್ ಕನ್ನಡಕದ ಮೇಲಿಂದ ದುರುಗುಟ್ಟಿ ನೋಡಿದಳು. "ಬರೋದು ಬೇಡ. ಇಲ್ಲಿ ಮಾತ್ರ ಬರ್ತೀನಿ ಅನ್ನಬಾರದು. ಹೋಗ್ತೀನಿ ಅಂತ ಹೇಳಿ, ಹೋಗಿಬಿಡಿ."

"ಹೋಗ್ತೀನಿ ಅನ್ನಬಾರದು ಅಂತ ಚಿಕ್ಕಂದಿನಿಂದ ಬೈದು ಬೈದು ಕಲಿಸಿದ್ದೀನಿ ನಾನು," ಎಂದರು ತಾಯಿ. ಆಮೇಲೆ ಸೊಸೆಯ ಮುಖ ನೋಡಿದರು. ಅವಳು ಹೂಂ ಅಂದಳು. "ಸರಿ ಕಣೋ. ಸಿಸ್ಟರ್ ಹೇಳಿದ ಹಾಗೇ ಹೇಳು."

"ಹೋಗ್ತೀನಿ ಸಿಸ್ಟರ್," ಎಂದ ಅವನು.

ಬಲಗಾಲು ಮುಂದಿಟ್ಟು ಹೊರಗೆ ನಡೆದ. ಮತ್ತೆ ಆ ಬಾಗಿಲಿಗೆ ಬರಲಿಲ್ಲ.